ಮಕ್ಕಳಿಲ್ಲದ ಸಾರಾ ಕೋಹೆನ್ ಅವರನ್ನು ಮನೆಯ ಹಿರಿಯರೆಂದು ನೆನೆಯುವವರು ಯಾರು?

ಕೊಚ್ಚಿಯ ಯಹೂದಿ ಸಮುದಾಯದ ಹಿರಿಯ ಜೀವ ಎಂದು ಪತ್ರಿಕೆಗಳು ಬರೆದ ಸಾರಾ ಕೋಹೆನ್ ಅವರನ್ನು ಕಂಡವರು ಯಾರಾದರೂ ಇದ್ದಾರೆಯೇ, ಮಕ್ಕಳಿಲ್ಲದ ಅವರನ್ನು ತಮ್ಮವರೆಂದು ನೆನೆಯುವವರು ಈಗ ಯಾರು ಎಂದು ತಾವು ಕೇಳಿದ್ದೀರಿ. ನಾನು ಅವರನ್ನು ಕಂಡಿದ್ದೇನೆ. ನನ್ನ ಚಿಕ್ಕಮ್ಮನನ್ನು ಕೊಚ್ಚಿಯ ಹಳೆಯ ಭಾಗವಾದ ಮಟ್ಟಾಂಚೇರಿಯ ಚೆರಳಾಯಿಗೆ, ಅಲ್ಲಿನ ಕೊಂಕಣಿ ಮನೆತನವೊಂದಕ್ಕೆ ಕೊಟ್ಟಿದ್ದರಿಂದ ರಜೆಯಲ್ಲಿ ಮಂಗಳೂರಿನಿಂದ ಅಲ್ಲಿಗೆ ಹೋಗುವುದು ನಮಗೆ ರೂಢಿಯಾಗಿತ್ತು. ತಿರುಮಲ ದೇವಸ್ಥಾನದ ಬೀದಿಯಿಂದ ಯಹೂದಿಗಳ ಬೀದಿಯಾದ ಜ್ಯೂ ಟೌನ್‌ಗೆ ನಡೆದೇ ಹೋಗಬಹುದು. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಬಂದ ನಮ್ಮವರಿಗೂ, ದೇಶ ಬಿಟ್ಟು ಬಂದ ಯಹೂದಿಗಳಿಗೂ ಕೊಚ್ಚಿಯ ಅರಸರೇ ನೆಲ ಕೊಟ್ಟರು ಎಂದು ಚಿಕ್ಕಮ್ಮ ಅಭಿಮಾನದಿಂದ ಹೇಳುತ್ತಿದ್ದರು. ಅವರ ಮಾತಿನಲ್ಲಿ ಸಾರಾ ಕೋಹೆನ್ ಎಂಬ ಪೂರ್ತಿ ಹೆಸರು ಬಂದದ್ದು ನನಗೆ ನೆನಪಿಲ್ಲ. ಅಲ್ಲಿ ಎಲ್ಲರಿಗೂ ಅವರು ಸಾರಾ ಆಂಟಿ.

ಅವರು ಹುಟ್ಟಿದ್ದು 1922ರಲ್ಲಿ, ಕೊಚ್ಚಿ ಇನ್ನೂ ಅರಸರ ಸಂಸ್ಥಾನವಾಗಿದ್ದಾಗ. ಅವರ ಬಾಲ್ಯದಲ್ಲಿಯೇ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಹಿನ್ನೀರಿನ ಹೂಳನ್ನು ತೋಡಿಸಿ ಬಂದರು ಕಟ್ಟಿಸಿದರು. ಆ ಹೂಳಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದು ನಿಂತಿತು. ಮುಂದೆ 1949ರಲ್ಲಿ ಆ ಊರು ತಿರುವಾಂಕೂರು–ಕೊಚ್ಚಿ ರಾಜ್ಯಕ್ಕೆ ಸೇರಿತು, 1956ರಲ್ಲಿ ಕೇರಳಕ್ಕೆ ಸೇರಿತು. ಊರು ಇಷ್ಟೆಲ್ಲ ಬದಲಾದರೂ ಸಾರಾ ಆಂಟಿ ಊರು ಬಿಡಲಿಲ್ಲ.

ಇದು ಎಷ್ಟು ದೊಡ್ಡ ಮಾತೆಂಬುದು ತಿಳಿಯಬೇಕಾದರೆ ಆ ಬೀದಿಯಿಂದ ಹೊರಟುಹೋದವರನ್ನೂ ನೆನೆಯಬೇಕು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ, ಅದರಲ್ಲೂ 1950ರ ದಶಕದಲ್ಲಿ, ಕೇರಳದ ಯಹೂದಿಗಳಲ್ಲಿ ಹೆಚ್ಚಿನವರು ಮನೆ ಮಾರು ಮಾರಿ ಅಲ್ಲಿಗೆ ಹೋದರು. ಅವರನ್ನು ಇಲ್ಲಿ ಯಾರೂ ಓಡಿಸಿರಲಿಲ್ಲ. ಪ್ರಾರ್ಥನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ನಾಡು ಕರೆದಾಗ ಹೊರಟರು. ಹೊರದೇಶದಿಂದ ಬಂದವರಾದ್ದರಿಂದ ಪರದೇಶಿ ಯಹೂದಿಗಳೆಂದು ಕರೆಯಲಾಗುವ ಜ್ಯೂ ಟೌನ್‌ನವರು ಸ್ವಲ್ಪ ತಡವಾಗಿ, ಒಂದೊಂದೇ ಮನೆಯಾಗಿ ಖಾಲಿಯಾದರು. ಆ ಮನೆಗಳು ಹಳೆಯ ಸಾಮಾನುಗಳ ಅಂಗಡಿಗಳಾದವು. ಕಿಟಕಿಯ ಕಬ್ಬಿಣದ ಸರಳುಗಳಲ್ಲಿ ಆರು ಮೂಲೆಯ ದಾವೀದನ ನಕ್ಷತ್ರ ಮಾತ್ರ ಹಾಗೆಯೇ ಉಳಿಯಿತು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ಶನಿವಾರ. ಅದು ಅವರ ಸಬ್ಬತ್, ಅಂದರೆ ಕೆಲಸ ಮಾಡದ ವಾರದ ವಿಶ್ರಾಂತಿ ದಿನವೆಂದು ತಿಳಿಯದೆ, ಮುಚ್ಚಿದ ಬಾಗಿಲನ್ನು ನೋಡಿಕೊಂಡು ಹಿಂದಿರುಗಿದೆ. ಮರುದಿನ ಹೋದಾಗ ಬಾಗಿಲು ತೆರೆದಿತ್ತು. ಮನೆಯ ಮುಂಭಾಗವೇ ಅಂಗಡಿ. ಬೀದಿಯ ಕಡೆಗಿನ ಕಿಟಕಿಯ ಬಳಿ ಕುರ್ಚಿಯ ಮೇಲೆ ಸಾರಾ ಆಂಟಿ ಕುಳಿತಿದ್ದರು. ಗಂಡಸರು ತಲೆಗೆ ಇಡುವ ಕಿಪ್ಪಾ ಎಂಬ ಪುಟ್ಟ ಟೋಪಿಗಳು, ಸಬ್ಬತ್ತಿನ ಊಟಕ್ಕೆ ಇಡುವ ಹಲ್ಲಾ ರೊಟ್ಟಿಯನ್ನು ಮುಚ್ಚುವ ಬಟ್ಟೆಗಳು, ಮೇಜುವಸ್ತ್ರಗಳು ಅಲ್ಲಿದ್ದವು. ನಾನು ಕೈಗೆತ್ತಿಕೊಂಡ ರೊಟ್ಟಿಯ ಬಟ್ಟೆಯಲ್ಲಿ ಹೀಬ್ರೂ ಅಕ್ಷರಗಳನ್ನು ದಾರದಲ್ಲಿ ಎಷ್ಟು ಒತ್ತಾಗಿ ತುಂಬಲಾಗಿತ್ತೆಂದರೆ, ಬಟ್ಟೆಯನ್ನು ತಿರುಗಿಸಿ ನೋಡಿದರೂ ಗಂಟು ಸಿಗುತ್ತಿರಲಿಲ್ಲ. ಕಸೂತಿ ಬಲ್ಲ ನನ್ನ ತಾಯಿ ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು. ಅದಕ್ಕೆಂದೇ ಆ ಬಟ್ಟೆಯನ್ನು ಕೊಂಡೆ.

ಸಬ್ಬತ್ ಮೇಜಿನ ಮೇಲೆ ದ್ರಾಕ್ಷಾರಸದ ಆಶೀರ್ವಾದ ಮುಗಿಯುವವರೆಗೆ ರೊಟ್ಟಿಯನ್ನು ಮುಚ್ಚಿಡುತ್ತಾರೆ. ಆಶೀರ್ವಾದದ ಕ್ರಮದಲ್ಲಿ ರೊಟ್ಟಿಗೇ ಮೊದಲ ಸ್ಥಾನವಿದ್ದರೂ ಆ ಹೊತ್ತಿಗೆ ಅದು ಹಿಂದೆ ಉಳಿಯಬೇಕಾಗುತ್ತದೆ. ಅದಕ್ಕೆ ಅವಮಾನವಾಗಬಾರದೆಂದು ಹಾಗೆ ಮುಚ್ಚುವುದು ಎಂಬ ವಿವರಣೆ ಅವರ ಸಂಪ್ರದಾಯದಲ್ಲಿದೆ. ಅನ್ನವನ್ನು ಕಾಲಿನಿಂದ ಮೆಟ್ಟಬಾರದೆಂದು ಕೇಳಿ ಬೆಳೆದ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದ ಒಳಗೆ ಹೋಗುವಾಗ ಚಪ್ಪಲಿ ಕಳಚುವ ಕ್ರಮವೂ ಕೇರಳದ ಯಹೂದಿಗಳಲ್ಲಿದೆ. 1568ರಲ್ಲಿ ಕಟ್ಟಿದ ಜ್ಯೂ ಟೌನ್‌ನ ಸಿನಗಾಗ್‌ನಲ್ಲಿ, ಚೀನಾದಿಂದ ತರಿಸಿದ ನೀಲಿ ಚಿತ್ರದ ನೆಲಹಾಸಿನ ಮೇಲೆ ಬರಿಗಾಲಿನಲ್ಲಿ ನಿಂತರೆ ತಂಪು ನೇರವಾಗಿ ಅಂಗಾಲಿಗೆ ತಾಗುತ್ತದೆ.

ಈಗ ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನಗೆ ಹೆಚ್ಚು ಮುಖ್ಯವಾದದ್ದೂ ಅದೇ. ಸಾರಾ ಆಂಟಿ ಮತ್ತು ಅವರ ಪತಿ ಜೇಕಬ್ ಕೋಹೆನ್ ಅವರಿಗೆ ಮಕ್ಕಳಿರಲಿಲ್ಲ. ಅದೇ ಬೀದಿಯಲ್ಲಿ ಪ್ರವಾಸಿಗರಿಗೆ ಅಂಚೆಕಾರ್ಡು ಮಾರುತ್ತಿದ್ದ, ಓದು ಬಿಟ್ಟ ಮುಸ್ಲಿಂ ಹುಡುಗ ತಾಹಾ ಇಬ್ರಾಹಿಂ. ಅವನು ತನ್ನ ಸಾಮಾನು ಇಡಲು ಜಾಗವಿಲ್ಲದೆ ನಿಂತಾಗ ಜೇಕಬ್ ಅವರು ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಸಾರಾ ಆಂಟಿಗೆ ಮೊದಮೊದಲು ಇದು ಹಿಡಿಸಿರಲಿಲ್ಲವೆಂದು ತಾಹಾ ಅವರೇ ಹೇಳಿಕೊಂಡಿದ್ದಾರೆ. ಅವರ ಮನಸ್ಸು ತಿರುಗಿದ್ದು ಸೂಜಿದಾರದಿಂದ: ದರ್ಜಿಯ ಮಗನಾದ ತಾಹಾಗೆ ಚಿತ್ರ ಬಿಡಿಸಿ ಹೊಲಿಯುವ ಕೆಲಸ ಗೊತ್ತಿತ್ತು. ಆಮೇಲೆ ಅಂಗಡಿಯ ಕೆಲಸದಲ್ಲಿ ಅವರು ಜೊತೆಯಾದರು. ಜೇಕಬ್ 1999ರಲ್ಲಿ ತೀರಿಕೊಳ್ಳುವ ಮೊದಲು, ಹೆಂಡತಿಯನ್ನು ನೋಡಿಕೊಳ್ಳಬೇಕೆಂದು ಕೇಳಿಕೊಂಡದ್ದು ಈ ತಾಹಾ ಅವರನ್ನೇ.

ಮಾತು ಕೊಡುವುದು ಸುಲಭ, ಅದನ್ನು ಇಪ್ಪತ್ತು ವರ್ಷ ದಿನವೂ ನಡೆಸುವುದು ಹಾಗಲ್ಲ ಎಂಬುದು ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಂಡ ಯಾರಿಗೂ ಗೊತ್ತು. ಔಷಧಿ, ಸ್ನಾನ, ಊಟ, ರಾತ್ರಿಯ ಎಚ್ಚರ ಇವುಗಳ ಜೊತೆಗೆ ಇಲ್ಲಿ ಇನ್ನೊಬ್ಬರ ಧರ್ಮದ ನೇಮವೂ ಇತ್ತು: ಯಹೂದಿ ಧರ್ಮ ಒಪ್ಪುವ ಕೋಷೆರ್ ಆಹಾರದ ಕ್ರಮ, ಸಬ್ಬತ್ತಿನ ದೀಪ, ಹಬ್ಬಗಳ ಲೆಕ್ಕ. ತಾಹಾ ಅವರು ತಮ್ಮ ನಮಾಜನ್ನೂ ಬಿಡಲಿಲ್ಲ, ಅವರ ಸಬ್ಬತ್ತನ್ನೂ ಕೆಡಿಸಲಿಲ್ಲ. ನಾನು 2013ರಲ್ಲಿ ಕೊನೆಯ ಸಲ ಹೋದಾಗ ಅವರು ಕಿಟಕಿಯ ಬಳಿ ಬಂದು ಸಾರಾ ಆಂಟಿಯ ಕುರ್ಚಿಯನ್ನು ಬಿಸಿಲಿನಿಂದ ಸ್ವಲ್ಪ ಸರಿಸಿ, ಮಡಿಲಿನ ಬಟ್ಟೆಯನ್ನು ನೇರ ಮಾಡಿ, ಮಾತಿಲ್ಲದೆ ಒಳಗೆ ಹೋದರು. ಚಿಕ್ಕಮ್ಮನ ಮನೆಯಲ್ಲಿ ಅಜ್ಜಿಗೆ ಮೊಮ್ಮಕ್ಕಳು ಮಾಡುತ್ತಿದ್ದುದೂ ಅದನ್ನೇ.

ಸಾರಾ ಆಂಟಿ 2019ರ ಆಗಸ್ಟ್ 30ರಂದು, ಶುಕ್ರವಾರ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಬ್ಬತ್ ದಿನ ಮಣ್ಣು ಮಾಡುವಂತಿಲ್ಲವಾದ್ದರಿಂದ ಭಾನುವಾರ ಮಟ್ಟಾಂಚೇರಿಯ ಯಹೂದಿ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ತೀರಿಕೊಂಡವರಿಗಾಗಿ ಮಕ್ಕಳು ಹೇಳುವ ಕಡ್ಡೀಶ್ ಎಂಬ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಯಹೂದಿ ಗಂಡಸರು ಸೇರಬೇಕು. ಆ ಬೀದಿಯಲ್ಲಿ ಅಷ್ಟು ಜನ ಉಳಿದಿರದೆ ಎಷ್ಟೋ ಕಾಲವಾಗಿತ್ತು. ಕಡ್ಡೀಶ್‌ನಲ್ಲಿ ಸಾವಿನ ಮಾತೇ ಬರುವುದಿಲ್ಲ, ಇರುವುದು ದೇವರ ಸ್ತುತಿ ಮಾತ್ರ. ಮಕ್ಕಳಿಲ್ಲದವರಿಗೆ ತರ್ಪಣ ಬಿಡುವವರು ಯಾರೆಂದು ನಮ್ಮಲ್ಲಿ ಹಿರಿಯರು ಕೊರಗುವುದನ್ನು ಕೇಳಿದ್ದೇನೆ. ಸಾರಾ ಆಂಟಿಯ ಸಮಾಧಿಗೆ ಹೋಗುವವರು ತಾಹಾ ಇಬ್ರಾಹಿಂ. ಅವರ ಅಂಗಡಿಯನ್ನೂ ನೆನಪಿನ ವಸ್ತುಗಳನ್ನೂ ಕಾಪಾಡಿಕೊಂಡು ಬಂದವರೂ ಅವರೇ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಕೆಲವು ಕಡೆ ಅವರನ್ನು ‘ಕೊಚ್ಚಿಯ ಕೊನೆಯ ಯಹೂದಿ’ ಎಂದು ಬರೆದಿದ್ದಾರೆ, ಅದು ಸರಿಯಲ್ಲ. ಅವರು ತೀರಿಕೊಂಡಾಗ ಪರದೇಶಿ ಸಮುದಾಯದ ಕ್ವೀನಿ ಹಳೆಗುವ ಅವರು ಅದೇ ಬೀದಿಯಲ್ಲಿದ್ದರು. ಅವರು ನಿಧನರಾದದ್ದು 2024ರ ಆಗಸ್ಟ್‌ನಲ್ಲಿ. ಎರ್ನಾಕುಳಂ ಕಡೆಯಲ್ಲಿ, ಪರದೇಶಿಗಳಿಗಿಂತ ಮೊದಲಿನಿಂದ ಕೇರಳದಲ್ಲಿ ನೆಲೆಸಿದ ಮಲಬಾರಿ ಯಹೂದಿಗಳೂ ಇದ್ದಾರೆ. ಬದುಕಿರುವವರನ್ನು ಲೆಕ್ಕದಿಂದ ಬಿಟ್ಟು ಬರೆಯುವುದು ನನಗೆ ನೋವಿನ ಸಂಗತಿ.

ತಾವು ಹೋಗುವುದಾದರೆ ಶುಕ್ರವಾರ ಮತ್ತು ಶನಿವಾರ ಬಿಟ್ಟು ಹೋಗಿ, ಸಿನಗಾಗ್ ಮುಚ್ಚಿರುತ್ತದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ನಾನು ಕೊಂಡ ರೊಟ್ಟಿಯ ಬಟ್ಟೆ ಈಗ ಮಂಗಳೂರಿನಲ್ಲಿ ತಾಯಿಯ ಪೆಟ್ಟಿಗೆಯಲ್ಲಿದೆ. ಅದನ್ನು ಬೇರೆ ಯಾವುದಕ್ಕೂ ಬಳಸಬಾರದೆಂದು ಅವರೇ ತೀರ್ಮಾನಿಸಿದರು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಹೊರತೆಗೆದು, ಹಿಂಬದಿಯನ್ನು ಇನ್ನೊಮ್ಮೆ ನೋಡಿ, ಮಡಚಿಡುತ್ತಾರೆ.