ಕಫದಲ್ಲಿ ಸಿಗದಿದ್ದರೂ ಟಿಬಿ ಇರಬಹುದು
ನಿಮ್ಮ ಅಣ್ಣನಿಗೆ ಎಚ್‌ಐವಿ ಇದೆ, ಕಫದಲ್ಲಿ ಏನೂ ಸಿಕ್ಕಿಲ್ಲ, ಆದರೂ ಡಾಕ್ಟರು ಟಿಬಿ ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಖಂಡಿತ ನಂಬಬಹುದು. ಟಿಬಿ ರೋಗಾಣುವನ್ನು ಸುತ್ತುವರಿದು ಕಟ್ಟಿಹಾಕಲು ಸಿಡಿ4 ಎಂಬ ಬಿಳಿ ರಕ್ತಕಣಗಳು ಬೇಕು, ಎಚ್‌ಐವಿ ಕೊಲ್ಲುವುದು ಅವನ್ನೇ. ಆಗ ಶ್ವಾಸಕೋಶದಲ್ಲಿ ಗುಳಿ ಬೀಳುವುದು ಕಡಿಮೆ, ಕಫಕ್ಕೆ ರೋಗಾಣು ಬರುವುದೂ ಕಡಿಮೆ, ಆದರೆ ರೋಗ ಗ್ರಂಥಿ, ಮಿದುಳಿನ ಪೊರೆ ಅಂತ ಬೇರೆ ಕಡೆಗೂ ಹರಡಿರಬಹುದು. ಕಫವನ್ನು ಬರೀ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಬಗ್ಗೆ ಕೇಳಿ.

ಮೊದಲು ಟಿಬಿ ಮಾತ್ರೆ, ಸಾಮಾನ್ಯವಾಗಿ 2 ವಾರದೊಳಗೆ ಎಚ್‌ಐವಿ ಮಾತ್ರೆ. ಮಿದುಳಿನ ಪೊರೆಗೆ ಟಿಬಿ ಬಂದಿದ್ದರೆ ಮಾತ್ರ ಇನ್ನಷ್ಟು ಕಾಯುತ್ತಾರೆ. ಟಿಬಿ ಔಷಧಿ ರಿಫಾಂಪಿಸಿನ್ ಜೊತೆಗಿದ್ದರೆ ಎಚ್‌ಐವಿ ಔಷಧಿ ಡೊಲುಟೆಗ್ರಾವಿರ್ ರಕ್ತದಲ್ಲಿ ಕಡಿಮೆಯಾಗುತ್ತದೆ, ಅದಕ್ಕೇ 50 ಮಿ.ಗ್ರಾಂ ದಿನಕ್ಕೆ ಎರಡು ಸಲ ಕೊಡುತ್ತಾರೆ, ಗಾಬರಿಯಾಗಬೇಡಿ. ಎಚ್‌ಐವಿ ಮಾತ್ರೆ ಶುರುವಾದ ಮೇಲೆ ಜ್ವರ ಬಂದರೆ, ಕತ್ತಿನ ಗಂಟು ಜಾಸ್ತಿಯಾದರೆ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಜೋರಾಗಿ ಹೋರಾಡುತ್ತಿರಬಹುದು. ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.