ಕರಗುವ ಕೃತಕ ಮೂಳೆ: ಗಟ್ಟಿ ಮಾಡೋದಕ್ಕಿಂತ ಕರಗಿಸೋದೇ ಕಷ್ಟ

"ಪಿಎಲ್‌ಎ ಅನ್ನೋ ಕರಗುವ ಪ್ಲಾಸ್ಟಿಕ್‌ಗೆ ಮೂಳೆಯ ಖನಿಜ ಬೆರೆಸಿ ತ್ರೀಡಿ ಪ್ರಿಂಟ್ ಮಾಡಿದರೆ ಕೃತಕ ಮೂಳೆ ಸಿದ್ಧ ಅಲ್ವಾ? ಇನ್ನೂ ಯಾಕೆ ಟೈಟಾನಿಯಂ ಲೋಹ?" ಅಂತ ಕೇಳಿದ್ದೀರಿ. ಎಂ.ಟೆಕ್‌ಗೆ ಸೇರಿದಾಗ ನನ್ನ ತಲೆಯಲ್ಲೂ ಇದೇ ಇತ್ತು.

ಬೆರೆಸುವ ಯೋಚನೆ ಸರಿಯೇ. ನಮ್ಮ ಮೂಳೆಯೇ ಒಂದು ಕಾಂಪೋಸಿಟ್, ಅಂದರೆ ಬೇರೆ ಬೇರೆ ವಸ್ತು ಸೇರಿ ಆದದ್ದು. ತೂಕದಲ್ಲಿ ಶೇ. 60–70ರಷ್ಟು ಹೈಡ್ರಾಕ್ಸಿಅಪಟೈಟ್ ಥರದ ಖನಿಜ, ಉಳಿದದ್ದು ಹೆಚ್ಚಾಗಿ ಕೊಲಾಜೆನ್ ಅನ್ನೋ ಪ್ರೋಟೀನ್ ಮತ್ತು ನೀರು. ಹಾಗಂತ ಪ್ಲಾಸ್ಟಿಕ್‌ಗೆ ಖನಿಜದ ಪುಡಿಯನ್ನು ಜಾಸ್ತಿ ಸುರಿದರೆ ಪಾಕ ಸಾಲದ ಶೇಂಗಾ ಉಂಡೆಯ ಹಾಗೆ ಉದುರುತ್ತದೆ. ಇದನ್ನು ಹೇಗೋ ಸರಿ ಮಾಡಬಹುದು.

ನಿಜವಾದ ತಲೆನೋವು ಸಮಯದ್ದು. ಮನೆಯ ಮೋಲ್ಡಿಗೆ ಸೆಂಟ್ರಿಂಗ್ ಹೊಡೆಯೋದನ್ನು ನೋಡಿದ್ದೀರಲ್ಲ? ಬೇಗ ಬಿಚ್ಚಿದರೆ ಮೋಲ್ಡ್ ಕುಸಿಯುತ್ತದೆ. ಇಲ್ಲೂ ಅಷ್ಟೇ. ಹೊಸ ಮೂಳೆ ಬೆಳೆದಷ್ಟೇ ನಮ್ಮ ವಸ್ತು ಕರಗಬೇಕು. ಪಿಸಿಎಲ್ ಅನ್ನೋ ಪ್ಲಾಸ್ಟಿಕ್ ಆದರೆ ಎರಡು ವರ್ಷಕ್ಕೂ ಜಾಸ್ತಿ ಕೂತಿರುತ್ತದೆ. ಮೆಗ್ನೀಸಿಯಂ ಲೋಹಕ್ಕೆ ವಿಪರೀತ ಅವಸರ, ಕರಗುವಾಗ ಹೈಡ್ರೋಜನ್ ಗುಳ್ಳೆ ಬೇರೆ.

ನಾನು ಪಿಎಲ್‌ಜಿಎ ಅನ್ನೋ ಇನ್ನೊಂದು ಕರಗುವ ಪ್ಲಾಸ್ಟಿಕ್‌ನ ದಪ್ಪ ಬಿಲ್ಲೆಗಳನ್ನು 37 ಡಿಗ್ರಿಯಲ್ಲಿ, ಪಿಎಚ್ 7.4ರ ಬಫರ್‌ನಲ್ಲಿ (ದೇಹದೊಳಗಿನ ಹುಳಿ-ಕ್ಷಾರದ ಮಟ್ಟವನ್ನೇ ಕಾಯ್ದುಕೊಳ್ಳುವ ದ್ರಾವಣ) ಮುಳುಗಿಸಿಟ್ಟಿದ್ದೆ. ಕೆಲವು ವಾರವಾದರೂ ಹೊರಗೆ ಏನೂ ಆಗಿರಲಿಲ್ಲ. ಖುಷಿಯಿಂದ ಚಿಮುಟದಲ್ಲಿ ಎತ್ತಿದೆ. ಪಟ್ ಅಂತ ಒಡೆಯಿತು, ಒಳಗೆಲ್ಲ ಲೋಳೆ! ಈ ಪ್ಲಾಸ್ಟಿಕ್ ಒಡೆದಾಗ ಲ್ಯಾಕ್ಟಿಕ್ ಆಮ್ಲವೂ ಹುಟ್ಟುತ್ತದೆ, ಮೊಸರಿನಲ್ಲಿರೋ ಅದೇ ಆಮ್ಲ. ಹೊರಮೈಯಲ್ಲಿ ಹುಟ್ಟಿದ್ದು ತೊಳೆದುಹೋಗುತ್ತದೆ. ನಡುವೆ ಹುಟ್ಟಿದ್ದು ಅಲ್ಲೇ ಸಿಕ್ಕಿಕೊಂಡು ಸುತ್ತಲಿನದನ್ನೂ ತಿನ್ನುತ್ತದೆ. ದೇಹದೊಳಗೆ ಹೀಗಾದರೆ ಊತ ಬರಬಹುದು. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅನ್ನೋ ಖನಿಜ ಬೆರೆಸಿದರೆ ಆ ಹುಳಿ ಸ್ವಲ್ಪ ತಗ್ಗುತ್ತದೆ. ಅಂದರೆ ಖನಿಜ ಹಾಕೋದು ಸುಮ್ನೆ ಗಟ್ಟಿತನಕ್ಕಲ್ಲ.

ಟೈಟಾನಿಯಂ ಕೂಡ ಪೂರ್ತಿ ಒಳ್ಳೆಯವನೇನಲ್ಲ. ಅದರ ಬಿಗಿತ ಸುಮಾರು 110 ಗಿಗಾಪಾಸ್ಕಲ್, ಮೂಳೆಯ ಗಟ್ಟಿ ಹೊರಪದರದ್ದು 10–20. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಆದರೂ ಜೀವಕೋಶ, ರಕ್ತನಾಳ ನುಗ್ಗಲು ನಾವು ರಂಧ್ರ ಬಿಟ್ಟ ತಕ್ಷಣ ನಮ್ಮ ವಸ್ತುವಿನ ಬಲ ಇಳಿದುಹೋಗುತ್ತದೆ. ಹಾಗಾಗಿ ಕರಗುವ ಕಾಂಪೋಸಿಟ್ ಸ್ಕ್ರೂ, ಪ್ಲೇಟ್‌ಗಳು ಮುಖದ ಮೂಳೆಯಂಥ ಕಡೆ ಬಳಕೆಗೆ ಬಂದಿವೆ. ತೊಡೆ ಮೂಳೆಯ ದೊಡ್ಡ ತುಂಡೇ ಹೋಗಿದ್ದರೆ ಲೋಹದ ಆಸರೆ ಬೇಕೇ ಬೇಕು.

ಅಂದಹಾಗೆ, ಪ್ರಿಂಟರ್‌ಗೆ ಸಿಗುವ ಮಾಮೂಲಿ ಪಿಎಲ್‌ಎ ರೋಲ್‌ನಲ್ಲಿ ಬಣ್ಣ, ಇನ್ನೇನೇನೋ ಸೇರಿರುತ್ತದೆ. ಕಾಲೇಜು ಪ್ರಾಜೆಕ್ಟ್‌ಗೆ ಬಲ ಪರೀಕ್ಷೆ ಮಾಡೋಕೆ ಸಾಕು, ಜೀವಕೋಶದ ಪ್ರಯೋಗಕ್ಕೆ ಬೇಡ.