ಹಳೇ ಕಾರಿನ ವೈರಿಂಗ್ ಪೂರ್ತಿ ಕಿತ್ತು ಹಾಕಬೇಕಾ?

ಪ್ರಶ್ನೆ: ಅಜ್ಜ ತೆಗೆದುಕೊಂಡಿದ್ದ 1957ರ ಮಾರಿಸ್ ಮೈನರ್ ಹನ್ನೆರಡು ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ಇಂಜಿನ್ ಸ್ಟಾರ್ಟ್ ಆಗಿದೆ. ಆದರೆ ಹೆಡ್‌ಲೈಟ್ ಚಿಮಣಿ ದೀಪದ ಹಾಗೆ ಉರಿಯುತ್ತದೆ, ಬ್ರೇಕ್ ಒತ್ತಿದರೆ ಹಿಂದಿನ ಲೈಟ್ ಇನ್ನೂ ಮಂಕಾಗುತ್ತದೆ. ವೈರೆಲ್ಲ ಕಿತ್ತು ಹೊಸದು ಎಳೆಯೋಣ, ಬ್ಯಾಟರಿಯ ಪ್ಲಸ್ ಕಡೆಯನ್ನು ಕಾರಿನ ಲೋಹದ ಮೈಗೆ ಕೊಟ್ಟಿದ್ದಾರೆ, ಅದನ್ನೂ ತಿರುಗಿಸಬೇಕು ಅಂತಾರೆ ಎಲೆಕ್ಟ್ರಿಷಿಯನ್. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಮಾರಾಯ್ರೆ, ಸದ್ಯಕ್ಕೆ ಒಂದು ವೈರನ್ನೂ ಕೀಳಬೇಡಿ.

ಮೊದಲು ಬ್ಯಾಟರಿ ವಿಷಯ. ಪ್ಲಸ್ ಅನ್ನು ಕಾರಿನ ಮೈಗೆ ಕೊಟ್ಟಿರುವುದು ತಪ್ಪಲ್ಲ, ನಿಮ್ಮ ಕಾರು ಬಂದದ್ದೇ ಹಾಗೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನವು ಪ್ಲಸ್ ಅರ್ತ್‌ನವೇ (ಕಾರಿನ ಮೈಗೆ ಕೊಡುವ ಜೋಡಣೆಗೆ ಅರ್ತ್ ಅಂತಾರೆ), ಮೈನಸ್ ಅರ್ತ್ ಬಂದದ್ದು 1960ರ ದಶಕದಲ್ಲಿ. ಸುಮ್ನೆ ಬ್ಯಾಟರಿ ತಿರುಗಿಸಿದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಉಲ್ಟಾ ಕರೆಂಟ್ ಕೊಟ್ಟು, ಅದನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್ಚಾದ ಕಟೌಟ್‌ನ ಪಾಯಿಂಟ್ ಸುಟ್ಟುಹೋಗಬಹುದು. ತಿರುಗಿಸಲೇಬೇಕಾದರೆ ಡೈನಮೋವನ್ನು ಮತ್ತೆ ಪೋಲರೈಸ್ ಮಾಡಬೇಕು, ಅಂದರೆ ಬ್ಯಾಟರಿಯ ಹೊಸ ದಿಕ್ಕಿಗೆ ಹೊಂದಿಸಬೇಕು, ಇಂಜಿನ್‌ಗೆ ಕಿಡಿ ಕೊಡುವ ಕಾಯಿಲ್‌ನ ಎರಡು ವೈರ್ ಅದಲು ಬದಲು ಮಾಡಬೇಕು. ಇಷ್ಟೆಲ್ಲ ಯಾಕೆ? ಇದ್ದ ಹಾಗೇ ಬಿಡಿ.

ಇನ್ನು ಲೈಟ್. ಬ್ರೇಕ್ ಒತ್ತಿದಾಗ ಹಿಂದಿನ ಲೈಟ್ ಮಂಕಾಗುತ್ತದೆ ಅಂದಿರಲ್ಲ, ಅದು ಹೆಚ್ಚಾಗಿ ಅರ್ತ್ ಕೆಟ್ಟಿರುವ ಗುರುತು. ನಮ್ಮ ಕರಾವಳಿಯ ಉಪ್ಪು ಗಾಳಿ, ಅದರ ಮೇಲೆ ಆಟಿ ತಿಂಗಳ ಮಳೆ, ಅದರಲ್ಲಿ ಹನ್ನೆರಡು ವರ್ಷ ನಿಂತ ಕಾರು ಬೇರೆ. ನಾನು ಮಲ್ಪೆಯ ಹತ್ತಿರದ ಒಂದು ಮನೆಯಲ್ಲಿ ಇಂಥದೇ ಕಾರಿನ ಟೇಲ್ ಲೈಟ್ ಬಿಚ್ಚಿದ್ದೆ. ಹೊರಗಿನಿಂದ ಗಾಜು ಥಳಥಳ ಅನ್ನುತ್ತಿತ್ತು, ಒಳಗೆ ಹೋಲ್ಡರ್ ಕೂತ ಜಾಗದಲ್ಲಿ ಹಸಿರು ಕಿಲುಬು ಹಿಟ್ಟಿನ ಹಾಗೆ ಉದುರಿತು. ಎಮೆರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ, ಹೊಸ ಸ್ಕ್ರೂ ಹಾಕಿ, ತೆಳುವಾಗಿ ಗ್ರೀಸ್ ಸವರಿದೆ, ಅಷ್ಟೇ.

ನೀವೇ ಪರೀಕ್ಷೆ ಮಾಡಬಹುದು. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿ ಬಲ್ಬಿನ ಅರ್ತ್‌ಗೆ, ಇನ್ನೊಂದು ಬ್ಯಾಟರಿಯ ಅರ್ತ್ ಪೋಸ್ಟ್‌ಗೆ (ನಿಮ್ಮ ಕಾರಿನಲ್ಲಿ ಪ್ಲಸ್) ಮುಟ್ಟಿಸಿ. 0.2 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಚಿಂತೆ ಇಲ್ಲ, ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಬಲ್ಬಿಗೆ 12ರ ಬದಲು 10.8 ವೋಲ್ಟ್ ಸಿಕ್ಕರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ, ಹಾಗಾಗಿ ಸಣ್ಣ ಕಿಲುಬೂ ಕಣ್ಣಿಗೆ ಕಾಣುವಷ್ಟು ಕಾಟ ಕೊಡುತ್ತದೆ.

ವೈರ್ ಬದಲಿಸಬೇಕೋ ಬೇಡವೋ ಅಂತ ಬಗ್ಗಿಸಿ ನೋಡಿ ತಿಳಿಯಬೇಕು. ನಿಮ್ಮದು ರಬ್ಬರ್ ಮೇಲೆ ಹತ್ತಿ ನೂಲು ಹೆಣೆದ ವೈರ್. ಬ್ಯಾಟರಿ ಕಳಚಿ, ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ರಬ್ಬರ್ ಒಡೆದು ಪುಡಿಯಾದರೆ ಆ ಭಾಗ ಬದಲಿಸಲೇಬೇಕು, ಬೆಂಕಿ ಹತ್ತುವ ಅಪಾಯ ಇದೆ. ಆದರೆ ಕೀಳುವ ಮೊದಲು ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ನಕ್ಷೆ ಬರೆದು, ಫೋಟೋ ತೆಗೆಯಿರಿ. ಬಣ್ಣ ಮಾಸಿದ್ದರೆ ಸುತ್ತಿದ ಟೇಪ್ ಸ್ವಲ್ಪ ಬಿಚ್ಚಿ, ಬಿಸಿಲು ತಾಗದ ಕಡೆ ಅಸಲಿ ಬಣ್ಣ ಸಿಗುತ್ತದೆ. ಕಂದು ವೈರ್ ಬ್ಯಾಟರಿಯಿಂದ ನೇರ ಬರುವುದು, ಬಿಳಿ ವೈರಿಗೆ ಕರೆಂಟ್ ಬರುವುದು ಕೀ ತಿರುಗಿಸಿದ ಮೇಲೆ, ಹಸಿರು ಆ ಬಿಳಿಯದೇ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಟೇಲ್ ಲೈಟ್, ಕಪ್ಪು ಅರ್ತ್. ಹೊಸದಕ್ಕೂ ಇದೇ ಬಣ್ಣ ಹಾಕಿಸಿ. ಎಲ್ಲ ಕಡೆ ಕೆಂಪು, ಕಪ್ಪು ಎರಡೇ ಎಳೆದರೆ ಮುಂದೆ ಕೆಟ್ಟಾಗ ಹುಡುಕುವವನ ಗತಿ ಏನು ಹೇಳಿ?

ಫ್ಯೂಸ್ ವಿಷಯ ಮರೆಯಬೇಡಿ, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಲ್ಯೂಕಾಸ್ ಅನ್ನುವ ಬ್ರಿಟಿಷ್ ಕಂಪನಿಯ ಗಾಜಿನ ಫ್ಯೂಸ್ ಮೇಲೆ 35 ಅಂತ ಇರುವುದು ಅದು ಸುಟ್ಟುಹೋಗುವ ಲೆಕ್ಕ, ಸದಾ ಹೊರುವುದು ಸುಮಾರು 17 ಆಂಪಿಯರ್ ಮಾತ್ರ. ಈಗಿನ ಫ್ಯೂಸ್‌ನ ಮೇಲಿನ ಅಂಕಿ ಸದಾ ಹೊರುವ ಲೆಕ್ಕ. ಅಂದ ಮೇಲೆ 35ರ ಜಾಗಕ್ಕೆ ಈಗಿನ 35 ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. 15 ಹಾಕಿ. ಈ ಕಾರಿನ ಹೆಡ್‌ಲೈಟ್‌ಗೆ ಕಾರ್ ಕಂಪನಿಯವರು ಫ್ಯೂಸೇ ಕೊಟ್ಟಿಲ್ಲ, ನೀವೊಂದು ವೈರಿನ ನಡುವೆ ಕೂರುವ ಲೈನ್ ಫ್ಯೂಸ್ ಸೇರಿಸಿಕೊಳ್ಳಿ.

ಪ್ರಶ್ನೆ: ಪದ್ಮಿನಿ ಕಾರಿನ ವೈರನ್ನು ಇಲಿ ಕಡಿದಿದೆ. ಟೇಪ್ ಸುತ್ತಿದರೆ ಸಾಕಾ?
– ಓದುಗರು, ಮಂಗಳೂರು

ಉತ್ತರ: ಸಾಲದು. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಮಳೆಗಾಲದಲ್ಲಿ ಬಿಚ್ಚಿಕೊಳ್ಳುತ್ತದೆ. ಕಡಿದ ಭಾಗ ಕತ್ತರಿಸಿ, ಅದೇ ದಪ್ಪದ ವೈರ್ ಜೋಡಿಸಿ, ಮೇಲೆ ಒಳಗಡೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ದೋಣಿಗೆ ಬಳಸುವ, ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕಿದರೆ ಅದನ್ನೇ ತನ್ನಿ, ನಮ್ಮ ಊರಿನ ಗಾಳಿಗೆ ಅದಕ್ಕೆ ಬೇಗ ಕಿಲುಬು ಹಿಡಿಯುವುದಿಲ್ಲ.